ಅಂಬಾಸಿಡರ್ ಮಾರ್ಕ್ 4: ದಿನಾ ಓಡಿಸುತ್ತಲೇ ಒಂದೊಂದಾಗಿ ಬದಲಿಸಿದ ಮೇಲೆ

1489 ಸಿಸಿ ಪೆಟ್ರೋಲ್ ಇಂಜಿನ್, ನಾಲ್ಕು ಗೇರ್, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. 1979ರಲ್ಲಿ ಬಂದ ಮಾರ್ಕ್ 4 ಅಂಬಾಸಿಡರ್ ಅಂದರೆ ಇಷ್ಟು. ಈ ಗಾಡಿಯನ್ನು ಇವತ್ತಿನ ಬೆಂಗಳೂರಿನಲ್ಲಿ ದಿನಬಳಕೆಗೆ ಇಟ್ಟುಕೊಳ್ಳಬಹುದೇ? ಖಂಡಿತ ಇಟ್ಟುಕೊಳ್ಳಬಹುದು, ಆದರೆ ಕಾರ್ಖಾನೆಯಿಂದ ಬಂದ ಸ್ಥಿತಿಯಲ್ಲಲ್ಲ. ಅದರ ಬ್ರೇಕು, ವೈರಿಂಗು, ಕೂಲಿಂಗು ಮೂರೂ ಇಷ್ಟೊಂದು ಟ್ರಾಫಿಕ್ ಇಲ್ಲದ ಕಾಲದವು. ಬಾಡಿ, ಸಸ್ಪೆನ್ಷನ್, ಸೀಟು ಮಾತ್ರ ನಮ್ಮ ಗುಂಡಿ ರಸ್ತೆಗೆಂದೇ ಹುಟ್ಟಿದ ಹಾಗಿವೆ.

ಶೆಡ್ಡಿಗೆ ಹಾಕಿ ಪೂರ್ತಿ ಬಿಚ್ಚಿದ ಗಾಡಿಗಳಲ್ಲಿ ಎಷ್ಟೋ ಮತ್ತೆ ರಸ್ತೆಗೆ ಇಳಿಯುವುದೇ ಇಲ್ಲ. ಅದಕ್ಕಿಂತ ಒಂದು ಸಲಕ್ಕೆ ಒಂದೇ ಕೆಲಸ ಹಿಡಿಯುವುದು ಮೇಲು. ಶನಿವಾರ ಬಿಚ್ಚಿದ್ದು ಭಾನುವಾರ ಸಂಜೆಯೊಳಗೆ ಕೂಡಬೇಕು, ಸೋಮವಾರ ಗಾಡಿ ಓಡಬೇಕು. ಅಷ್ಟರಲ್ಲಿ ಮುಗಿಯದ ಕೆಲಸವಾದರೆ ಅದನ್ನು ಎರಡು ಭಾಗ ಮಾಡಿಕೊಳ್ಳಬೇಕು. ಒಂದು ಕೆಲಸವಾದ ಮೇಲೆ ಕನಿಷ್ಠ 300 ಕಿ.ಮೀ. ಓಡಿಸಿಯೇ ಮುಂದಿನದಕ್ಕೆ ಕೈ ಹಾಕಿ. ಕಾಯಿಲ್ಲನ್ನೂ ಕಾರ್ಬೊರೇಟರನ್ನೂ ಒಂದೇ ದಿನ ಬದಲಿಸಿ, ಮರುದಿನ ಗಾಡಿ ಮಿಸ್ ಹೊಡೆದರೆ ತಪ್ಪು ಯಾವುದರದ್ದೆಂದು ಹುಡುಕುವುದರಲ್ಲೇ ವಾರ ಕಳೆಯುತ್ತದೆ.

ಮೊದಲ ಕೆಲಸ ಪೆಟ್ರೋಲ್ ಪೈಪುಗಳದ್ದು, ಅದು ಬ್ರೇಕಿಗಿಂತಲೂ ಮೊದಲು. ಈಗ ಬಂಕುಗಳಲ್ಲಿ ಸಿಗುವುದು ಶೇ. 20 ಎಥನಾಲ್ ಬೆರೆತ ಪೆಟ್ರೋಲ್. ಹಳೆಯ ರಬ್ಬರ್ ಹೋಸು, ಪಂಪಿನ ಡಯಾಫ್ರಾಮ್, ಫ್ಲೋಟ್ ಬೌಲಿನ ಪ್ಯಾಕಿಂಗು ಎಥನಾಲಿಗೆ ಮೆತ್ತಗಾಗಿ ಊದುತ್ತವೆ, ಆಮೇಲೆ ಬಿರುಕು ಬಿಡುತ್ತವೆ. ಪಂಪು, ಕಾರ್ಬೊರೇಟರು ಎರಡೂ ಬಿಸಿ ಇಂಜಿನ್ನಿನ ಪಕ್ಕದಲ್ಲೇ ಇರುವುದರಿಂದ ಅಲ್ಲಿ ಜಿನುಗಿದ ಪೆಟ್ರೋಲಿಗೆ ಬೆಂಕಿ ಹತ್ತಲು ಹೆಚ್ಚು ಹೊತ್ತು ಬೇಡ. ಮೈಮೇಲೆ ಎಸ್‌ಎಇ ಜೆ30 ಆರ್9 ಎಂಬ ಗುಣಮಟ್ಟದ ಗುರುತು ಅಚ್ಚಾದ ಹೋಸನ್ನೇ ಕೇಳಿ ತನ್ನಿ. ಜೆ.ಸಿ. ರಸ್ತೆಯಲ್ಲಿ ಮೀಟರ್ ಲೆಕ್ಕದಲ್ಲಿ ಕೊಡುವ ಹೆಸರಿಲ್ಲದ ಕಪ್ಪು ಪೈಪು ಬೇಡ. ಕ್ಲಿಪ್ಪು ರಬ್ಬರನ್ನು ಕೊರೆಯುವ ಹಲ್ಲಿನದ್ದಾಗಬಾರದು, ಸುತ್ತಲೂ ಸಮನಾಗಿ ಬಿಗಿಯುವಂಥದ್ದಾಗಬೇಕು. ಎಥನಾಲ್ ನೀರನ್ನು ಹೀರುತ್ತದೆ. ವಾರಗಟ್ಟಲೆ ನಿಲ್ಲುವ ಗಾಡಿಯ ಟ್ಯಾಂಕಿನ ತಳದಲ್ಲಿ ಆ ನೀರು ಸೇರಿ ತುಕ್ಕು ಏಳುತ್ತದೆ. ಟ್ಯಾಂಕಿಗೂ ಪಂಪಿಗೂ ನಡುವೆ ಒಂದು ಪಾರದರ್ಶಕ ಫಿಲ್ಟರ್ ಹಾಕಿದರೆ ತುಕ್ಕಿನ ಪುಡಿ ಕಣ್ಣಿಗೇ ಕಾಣುತ್ತದೆ. ಮೊದಲ ಎರಡು ತಿಂಗಳಲ್ಲಿ ಎರಡು ಮೂರು ಫಿಲ್ಟರ್ ಕಟ್ಟಿಕೊಳ್ಳುವುದು ಸಾಮಾನ್ಯ.

ಮೆಕ್ಯಾನಿಕಲ್ ಪಂಪು ಬಿಸಿಗೆ ಆವಿ ಕಟ್ಟಿಕೊಂಡು ನಿಲ್ಲುತ್ತಿದ್ದರೆ ಎಲೆಕ್ಟ್ರಿಕ್ ಪಂಪ್ ಹಾಕಬಹುದು. ಆದರೆ ಅದರ ಒತ್ತಡ 2ರಿಂದ 3 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಮೀರಬಾರದು. ಇಂಜೆಕ್ಷನ್ ಗಾಡಿಯ ಪಂಪು ಇದರ ಹತ್ತಾರು ಪಟ್ಟು ಒತ್ತುವುದರಿಂದ ನೀಡಲ್ ವಾಲ್ವ್ ತಡೆಯಲಾರದೆ ಪೆಟ್ರೋಲ್ ಉಕ್ಕಿ ಮ್ಯಾನಿಫೋಲ್ಡ್ ಮೇಲೆ ಬೀಳುತ್ತದೆ. ಪಂಪಿನ ಕರೆಂಟನ್ನು ಆಯಿಲ್ ಪ್ರೆಷರ್ ಸ್ವಿಚ್ ಮೂಲಕ ಕೊಡಿ, ಇಂಜಿನ್ ನಿಂತರೆ ಪಂಪೂ ನಿಲ್ಲಬೇಕು.

ಇನ್ನು ಬ್ರೇಕು. ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳತ್ತ ತಳ್ಳುವ ಮಾಸ್ಟರ್ ಸಿಲಿಂಡರ್ ಹಳೆಯ ಗಾಡಿಯಲ್ಲಿ ಒಂದೇ ಸರ್ಕ್ಯೂಟಿನದು. ಎಲ್ಲೋ ಒಂದು ಹೋಸ್ ಒಡೆದರೆ ನಾಲ್ಕೂ ಚಕ್ರದ ಬ್ರೇಕ್ ಒಟ್ಟಿಗೇ ಹೋಗುತ್ತದೆ. ಈ ಕೆಲಸವನ್ನು ಮೂರು ವಾರಾಂತ್ಯಕ್ಕೆ ಹಂಚಿಕೊಳ್ಳಿ. ಮೊದಲ ವಾರ ಮೂರೂ ರಬ್ಬರ್ ಹೋಸು, ವೀಲ್ ಸಿಲಿಂಡರ್ ಕಪ್ಪುಗಳು, ಹೊಸ ಡಾಟ್ 3 ಅಥವಾ ಡಾಟ್ 4 ಬ್ರೇಕ್ ಆಯಿಲ್. ಎರಡನೇ ವಾರ ಎರಡು ಸರ್ಕ್ಯೂಟಿನ ಟ್ಯಾಂಡಮ್ ಮಾಸ್ಟರ್ ಸಿಲಿಂಡರ್. ಮೂರನೇ ವಾರ, ಮನಸ್ಸಿದ್ದರೆ, ನಂತರದ ಅಂಬಾಸಿಡರ್ ಮಾದರಿಗಳ ಮುಂದಿನ ಡಿಸ್ಕ್ ಮತ್ತು ಪೆಡಲಿನ ಒತ್ತಡ ಹೆಚ್ಚಿಸುವ ಬೂಸ್ಟರ್.

ಇಲ್ಲಿ ಜೀವಕ್ಕೇ ಎರವಾಗುವ ತಪ್ಪೊಂದಿದೆ. ಹಳೆಯ ಬ್ರೇಕ್ ಪೈಪಿನ ನಟ್ಟು 3/8 ಇಂಚು, ಇಂಚಿಗೆ 24 ಎಳೆ (ಥ್ರೆಡ್). ಈಗಿನ ಸಿಲಿಂಡರ್, ಕ್ಯಾಲಿಪರ್‌ಗಳ ತೂತು ಹೆಚ್ಚಾಗಿ 10 ಮಿ.ಮೀ., ಎಳೆಗೆಳೆಗೆ 1 ಮಿ.ಮೀ. ಅಂತರ. ಇಂಚಿನ ನಟ್ಟು ಸುಮಾರು 9.5 ಮಿ.ಮೀ. ದಪ್ಪವಿದ್ದು ಎಳೆಯ ಅಂತರವೂ ಹತ್ತಿರ ಹತ್ತಿರ ಇರುವುದರಿಂದ ಅದು ಮೆಟ್ರಿಕ್ ತೂತಿಗೆ ಸಲೀಸಾಗಿ ಹೋಗುತ್ತದೆ, ಬಿಗಿಯಾದಂತೆಯೂ ಕೈಗೆ ಅನಿಸುತ್ತದೆ. ಆದರೆ ಹಿಡಿದಿರುವುದು ಎಳೆಯ ತುದಿಗಳು ಮಾತ್ರ. ಜೋರಾಗಿ ಬ್ರೇಕ್ ಒತ್ತಿದ ದಿನ ನಟ್ಟು ಕಿತ್ತು ಬರುತ್ತದೆ. ಥ್ರೆಡ್ ಗೇಜ್ ಇಟ್ಟು ಅಳೆಯಿರಿ, ಬೇರೆಯಾಗಿದ್ದರೆ ಸರಿಯಾದ ನಟ್ಟು ಹಾಕಿ ಪೈಪಿನ ತುದಿಯನ್ನು ಹೊಸದಾಗಿ ಅಗಲಿಸಿ ಫ್ಲೇರ್ ಮಾಡಿಸಿ.

ಡ್ರಮ್ಮಿಗೆಂದು ಮಾಡಿದ ಮಾಸ್ಟರ್ ಸಿಲಿಂಡರಿನಲ್ಲಿ ಸುಮಾರು 10 ಪಿಎಸ್‌ಐ ಒತ್ತಡ ಉಳಿಸಿಕೊಳ್ಳುವ ಒಂದು ವಾಲ್ವ್ ಇರುತ್ತದೆ. ಅದನ್ನು ಹಾಗೇ ಬಿಟ್ಟು ಡಿಸ್ಕ್ ಹಾಕಿದರೆ ಪ್ಯಾಡ್ ಸದಾ ಉಜ್ಜುತ್ತದೆ, ಒಂದೆರಡು ಕಿ.ಮೀ.ನಲ್ಲೇ ಚಕ್ರ ಕಾದು ವಾಸನೆ ಬರುತ್ತದೆ. ನಿಮ್ಮ ಗಾಡಿಯ ಮಾಸ್ಟರ್ ಸಿಲಿಂಡರ್ ನೆಲದ ಕೆಳಗೆ, ಕ್ಯಾಲಿಪರಿಗಿಂತ ತಗ್ಗಿನಲ್ಲಿದ್ದರೆ ಆ ವಾಲ್ವನ್ನು ತೆಗೆದು ಮುಂದಿನ ಸಾಲಿಗೆ 2 ಪಿಎಸ್‌ಐಯದ್ದನ್ನು ಹಾಕಬೇಕು. ಇಲ್ಲವಾದರೆ ಆಯಿಲ್ ಹಿಂದಕ್ಕೆ ಇಳಿದು ಪೆಡಲ್ ಎರಡು ಸಲ ಒತ್ತಿಸಿಕೊಳ್ಳುತ್ತದೆ. ಏರ್ ತೆಗೆಯುವಾಗ ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ ಚಕ್ರದಿಂದ ಶುರು ಮಾಡಿ. ಎರಡು ವರ್ಷಕ್ಕೊಮ್ಮೆ ಆಯಿಲ್ ಪೂರ್ತಿ ಬದಲಿಸಿ. ಡಿಸ್ಕ್ ಹಾಕಿದ ಮೇಲಿನ ವ್ಯತ್ಯಾಸ ನಂದಿ ಬೆಟ್ಟ ಇಳಿಯುವಾಗ ಚೆನ್ನಾಗಿ ಗೊತ್ತಾಗುತ್ತದೆ. ಡ್ರಮ್ಮಿನಲ್ಲಿ ಅರ್ಧ ಇಳಿಯುವಷ್ಟರಲ್ಲಿ ಪೆಡಲಿಗೆ ಗಾಡಿ ಕೇಳುವುದು ಕಡಿಮೆಯಾಗುತ್ತಿತ್ತು, ಈಗ ಕೊನೆಯ ತಿರುವಿನ ತನಕ ಒಂದೇ ಹದ.

ವೈರಿಂಗಿನಲ್ಲಿ ಸರದಿ ತಪ್ಪಿಸಬೇಡಿ. ಹಳೆಯ ಡೈನಮೋ ಬದಲಿಗೆ ಆಲ್ಟರ್ನೇಟರ್ ಮೊದಲು, ಹೆಡ್‌ಲೈಟ್ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಹಾಯಿಸುವ ಸ್ವಿಚ್ಚು) ಆಮೇಲೆ, ರೇಡಿಯೇಟರ್ ಫ್ಯಾನ್ ಕೊನೆಗೆ. ಕಾರಣ ಸರಳ. ಲೂಕಾಸ್ ಸಿ40 ಡೈನಮೋ ಹೆಚ್ಚೆಂದರೆ 22 ಆಂಪಿಯರ್ ಕೊಡುತ್ತದೆ, ಐಡ್ಲಿಂಗಿನಲ್ಲಿ ಏನೂ ಕೊಡುವುದಿಲ್ಲ. ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ಕಿನಲ್ಲಿ ಮಳೆ ಸಂಜೆ ನಿಂತ ಗಾಡಿಗೆ ಲೈಟು, ವೈಪರ್, ಫ್ಯಾನ್ ಎಲ್ಲ ಬೇಕು, ಅಷ್ಟನ್ನೂ ಕೊಡುವುದು ಬ್ಯಾಟರಿ ಒಂದೇ. ಅರ್ಧ ಗಂಟೆಯಾದ ಮೇಲೆ ಸೆಲ್ಫ್ ತಿರುಗದಿದ್ದರೆ ಆಶ್ಚರ್ಯವಿಲ್ಲ.

ಆಲ್ಟರ್ನೇಟರ್ ಕೂರಿಸುವ ಮೊದಲು ಬ್ಯಾಟರಿಯ ಯಾವ ಕೊನೆ ಬಾಡಿಗೆ ಕಟ್ಟಿದೆ ನೋಡಿ. ಆ ಕಾಲದ ಲೂಕಾಸ್ ವೈರಿಂಗಿನಲ್ಲಿ ಪ್ಲಸ್ಸನ್ನು ಬಾಡಿಗೆ ಕೊಟ್ಟಿರುವುದೂ ಉಂಟು. ಹಾಗಿದ್ದಾಗ ನೋಡದೆ ಜೋಡಿಸಿದರೆ ಆಲ್ಟರ್ನೇಟರಿನ ಡಯೋಡ್ ಆ ಕ್ಷಣವೇ ಸುಡುತ್ತದೆ. ಡೈನಮೋದ ಹಳೆಯ ಕಟೌಟ್ (ರೆಗ್ಯುಲೇಟರ್) ಪೆಟ್ಟಿಗೆಯನ್ನು ಸರ್ಕ್ಯೂಟಿನಿಂದ ತೆಗೆಯಿರಿ, ಮೂಲ ವೈರನ್ನು ನಂಬಬೇಡಿ. ಆಲ್ಟರ್ನೇಟರಿನಿಂದ ಸೆಲ್ಫಿನ ಬ್ಯಾಟರಿ ಬೋಲ್ಟಿಗೆ 6 ಚದರ ಮಿ.ಮೀ. ವೈರನ್ನು ನೇರ ಎಳೆದು ಫ್ಯೂಸ್ ಹಾಕಿ. ಡ್ಯಾಶಿನ ಚಾರ್ಜಿಂಗ್ ಬಲ್ಬು ಬರೀ ಸೂಚನೆಗಲ್ಲ, ಆಲ್ಟರ್ನೇಟರ್ ಎಚ್ಚರವಾಗುವ ಮೊದಲ ಕರೆಂಟ್ ಅದರ ಮೂಲಕವೇ ಹೋಗುತ್ತದೆ. ಹಾಗಾಗಿ 2.2 ವಾಟಿನ ಬಲ್ಬು ಸುಟ್ಟಿದ್ದರೆ ಚಾರ್ಜೇ ಆಗದಿರಬಹುದು. ಹೊಸ ಆಲ್ಟರ್ನೇಟರ್ ಕೆಟ್ಟಿದೆಯೆಂದು ವಾಪಸ್ ಕೊಡುವ ಮುನ್ನ ಈ ಬಲ್ಬು ನೋಡಿ. ಹಳೆಯ ಆಂಪ್ ಮೀಟರಿನ ಮೂಲಕ ಅಷ್ಟು ಕರೆಂಟ್ ಹಾಯಿಸಬೇಡಿ. ಬದಲಿಗೆ ವೋಲ್ಟ್ ಮೀಟರ್ ಹಾಕಿ, ಓಡುವಾಗ 13.8ರಿಂದ 14.4 ತೋರಿಸಬೇಕು. ಫ್ಯಾನ್ ಬೆಲ್ಟನ್ನು ನಡುವೆ ಹೆಬ್ಬೆರಳಿನಲ್ಲಿ ಒತ್ತಿದರೆ ಸುಮಾರು 12 ಮಿ.ಮೀ. ಇಳಿಯಬೇಕು.

ಹೆಡ್‌ಲೈಟ್ ಮಂಕಾಗಿದ್ದರೆ ತಪ್ಪು ಬಲ್ಬಿನದ್ದಲ್ಲ. ಎರಡು 60 ವಾಟಿನ ಬಲ್ಬುಗಳ 10 ಆಂಪಿಯರ್ ಪೂರ್ತಿ ಡ್ಯಾಶಿನ ಸ್ವಿಚ್ಚು ಸುತ್ತಿ ಬರುವಾಗ ವೋಲ್ಟ್ ಬೀಳುತ್ತದೆ. ವೋಲ್ಟ್ ಶೇ. 10 ಬಿದ್ದರೆ ಬೆಳಕು ಸುಮಾರು ಶೇ. 30 ಇಳಿಯುತ್ತದೆ. ಎರಡು ನಾಲ್ಕು-ಪಿನ್ ರಿಲೇ, 2.5 ಚದರ ಮಿ.ಮೀ. ವೈರ್, ಹೈ ಮತ್ತು ಲೋಗೆ ಬೇರೆ ಬೇರೆ 15 ಆಂಪಿಯರ್ ಫ್ಯೂಸ್, ಲೈಟಿಗೆ ಸ್ವಂತ ಅರ್ತ್ ವೈರ್. ಇಷ್ಟಕ್ಕೇ ಬೆಳಕು ಬೇರೆಯಾಗುತ್ತದೆ. ಹ್ಯಾಲೊಜನ್ ರಿಫ್ಲೆಕ್ಟರಿಗೆ ಎಲ್‌ಇಡಿ ಬಲ್ಬು ತುರುಕಬೇಡಿ. ಎದುರಿನವರ ಕಣ್ಣು ಕುಕ್ಕುತ್ತದೆ, ನಮ್ಮ ರಸ್ತೆಗೆ ಬೆಳಕು ಬೀಳುವುದಿಲ್ಲ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. ಇಲ್ಲಿ ತೆರೆದ ನೀರು 97 ಡಿಗ್ರಿ ಆಸುಪಾಸಿಗೇ ಕುದಿಯುತ್ತದೆ. ರೇಡಿಯೇಟರ್ ಮುಚ್ಚಳ 7 ಪಿಎಸ್‌ಐ ಹಿಡಿದರೆ ಅದು 109ರ ಹತ್ತಿರಕ್ಕೆ ಏರುತ್ತದೆ. ಮುಚ್ಚಳದ ರಬ್ಬರ್ ಸತ್ತಿದ್ದರೆ ಆ 12 ಡಿಗ್ರಿಯೂ ಹೋಯಿತು. ಗಾಡಿ ಕುದಿಯುತ್ತದೆಂದು ರೇಡಿಯೇಟರ್ ಬಿಚ್ಚಿಸುವ ಮೊದಲು ಹೊಸ ಮುಚ್ಚಳ ಹಾಕಿ ನೋಡಿ. ಬೋರ್‌ವೆಲ್ ನೀರು ಬೇಡವೇ ಬೇಡ, ಅದರ ಸುಣ್ಣ ಬ್ಲಾಕಿನ ಹಿಂಭಾಗದಲ್ಲಿ ಕಟ್ಟಿಕೊಂಡು ನಾಲ್ಕನೇ ಸಿಲಿಂಡರ್ ಮೊದಲು ಕಾಯುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿಗೆ ಮೂರನೇ ಒಂದು ಭಾಗ ಕೂಲಂಟ್ ಸಾಕು. ಥರ್ಮೋಸ್ಟ್ಯಾಟ್ ತೆಗೆದೆಸೆಯುವುದು ನಮ್ಮಲ್ಲಿ ಹಳೆಯ ಚಾಳಿ. ತೆಗೆದರೆ ಬೆಳಗಿನ ಚಳಿಯಲ್ಲಿ ಇಂಜಿನ್ ಬಿಸಿಯೇರದೆ ಪೆಟ್ರೋಲ್ ಕುಡಿಯುತ್ತದೆ, ಸಿಲಿಂಡರ್ ಬೇಗ ಸವೆಯುತ್ತದೆ. ಎಲೆಕ್ಟ್ರಿಕ್ ಫ್ಯಾನಿಗೆ 90 ಡಿಗ್ರಿ ಆಸುಪಾಸಿನಲ್ಲಿ ಹತ್ತುವ ಸ್ವಿಚ್ಚು, ರಿಲೇ ಕೊಡಿ. ಮೂಲ ಫ್ಯಾನನ್ನು ಒಂದು ಬೇಸಿಗೆ ಕಳೆಯುವ ತನಕ ತೆಗೆಯಬೇಡಿ.

ಇಗ್ನಿಷನ್ ಬಗ್ಗೆ ನಮ್ಮ ಮೆಚ್ಚುಗೆ ಅರ್ಧ ಮಾತ್ರ. ಎಲೆಕ್ಟ್ರಾನಿಕ್ ಮಾಡ್ಯೂಲ್ ಹಾಕಿದರೆ ಕಿಡಿಗಾಗಿ ಕರೆಂಟ್ ಕಡಿಯುವ ಪಾಯಿಂಟಿನ ಸವೆತ, ಕಂಡೆನ್ಸರ್ ಕಾಟ ತಪ್ಪುತ್ತದೆ, ಬೆಳಿಗ್ಗೆ ಸ್ಟಾರ್ಟಿಂಗ್ ಸುಲಭ. ಆದರೆ ಡಿಸ್ಟ್ರಿಬ್ಯೂಟರ್ ಶಾಫ್ಟಿನ ಬುಷ್ ಸವೆದು ಅಲ್ಲಾಡುತ್ತಿದ್ದರೆ ಟೈಮಿಂಗ್ ಅಲೆಯುವುದು ನಿಲ್ಲದು. ಮೊದಲು ಲೇತಿನಲ್ಲಿ ಬುಷ್ ಹಾಕಿಸಿ. ಪಾಯಿಂಟ್ ಪ್ಲೇಟನ್ನು 0.35ರಿಂದ 0.40 ಮಿ.ಮೀ.ಗೆ ಹೊಂದಿಸಿ, ಕಂಡೆನ್ಸರ್ ಸಹಿತ ಡಿಕ್ಕಿಯಲ್ಲಿ ಇಟ್ಟಿರಿ. ಪಾಯಿಂಟ್ ಮುನ್ಸೂಚನೆ ಕೊಟ್ಟು ಕೆಡುತ್ತದೆ, ಮಾಡ್ಯೂಲ್ ಹೇಳದೆ ಕೇಳದೆ ಸಾಯುತ್ತದೆ.

ಕಾರ್ಬೊರೇಟರ್ ಜೆಟ್ ಬದಲಿಸಲು ಅವಸರ ಬೇಡ. ಎಥನಾಲ್ ಗಾಳಿ-ಪೆಟ್ರೋಲ್ ಮಿಶ್ರಣವನ್ನು ಲೀನ್ (ಪೆಟ್ರೋಲ್ ಕಡಿಮೆ) ಮಾಡುತ್ತದೆ, ನಮ್ಮೂರಿನ ತೆಳು ಗಾಳಿ ರಿಚ್ (ಪೆಟ್ರೋಲ್ ಹೆಚ್ಚು) ಮಾಡುತ್ತದೆ, ಇಲ್ಲಿ ಎರಡೂ ಬಹುಮಟ್ಟಿಗೆ ಸರಿಹೋಗುತ್ತವೆ. ಇದೇ ಗಾಡಿ ಮಂಗಳೂರಿಗೆ ಇಳಿದರೆ ಲೀನ್ ಆಗಿ, ವಾಪಸ್ ಘಾಟಿ ಹತ್ತುವಾಗ ಇಂಜಿನ್ ಟಕಟಕ ಬಡಿಯಬಹುದು. ಪ್ಲಗ್ ಬಿಚ್ಚಿ ಬಣ್ಣ ನೋಡಿಯೇ ತೀರ್ಮಾನಿಸಿ.

ದೇಶದಲ್ಲಿ 2000ದಲ್ಲಿ ಸೀಸದ ಪೆಟ್ರೋಲ್ ನಿಂತಿತು. ಈ ಇಂಜಿನ್ನಿನ ಎಕ್ಸಾಸ್ಟ್ ವಾಲ್ವ್ ಕೂರುವುದು ನೇರ ಎರಕದ ಹೆಡ್ಡಿನ ಮೇಲೆ, ಸೀಸದ ಲೇಪ ಇಲ್ಲದೆ ಆ ಜಾಗ ಸವೆದು ವಾಲ್ವ್ ಒಳಕ್ಕೆ ಇಳಿಯುತ್ತದೆ. ಇದನ್ನು ಹಿಡಿಯಲು ಹೆಡ್ ಬಿಚ್ಚಬೇಕಿಲ್ಲ. ತಣ್ಣಗಿರುವಾಗ ಟ್ಯಾಪೆಟ್ ಗ್ಯಾಪ್ (ವಾಲ್ವಿಗೂ ಅದನ್ನು ಒತ್ತುವ ರಾಕರಿಗೂ ನಡುವಿನ ಸಂದು) 0.38 ಮಿ.ಮೀ.ಗೆ ಇಟ್ಟು 2000 ಕಿ.ಮೀ.ಗೊಮ್ಮೆ ಬರೆದಿಡಿ. ಎಕ್ಸಾಸ್ಟ್ ಗ್ಯಾಪ್ ಪ್ರತಿ ಸಲವೂ ಕಿರಿದಾಗುತ್ತಿದ್ದರೆ ಸೀಟ್ ಇಳಿಯುತ್ತಿದೆ. ಆಗ ಹೆಡ್ ಬಿಚ್ಚಿ ಗಟ್ಟಿ ಸೀಟ್ ರಿಂಗು ಹಾಕಿಸಿ. ಗ್ಯಾಪ್ ಕದಲದಿದ್ದರೆ ಹೆಡ್ಡನ್ನು ಮುಟ್ಟಬೇಡಿ.

ಟೈರಿಗೆ ಹಳೆಯ 5.90-15ರ ಜಾಗದಲ್ಲಿ 165/80 ಆರ್15 ರೇಡಿಯಲ್ ಹೊಂದುತ್ತದೆ. ಸುಲಭಕ್ಕೆ ಸಿಗುವ 175/65 ಆರ್15 ಅದಕ್ಕಿಂತ ಶೇ. 5ರಿಂದ 6 ಗಿಡ್ಡ. ಸ್ಪೀಡೋಮೀಟರ್ ಅಷ್ಟು ಹೆಚ್ಚು ತೋರಿಸುತ್ತದೆ, ಗಾಡಿ ತಗ್ಗುತ್ತದೆ, ರಿಮ್ಮೂ ಕನಿಷ್ಠ 5 ಇಂಚು ಅಗಲ ಬೇಕು. ಐದೂ ಟೈರ್ ಒಟ್ಟಿಗೇ ಬದಲಿಸಿ. ಒಂದೇ ಆಕ್ಸಲಿಗೆ ರೇಡಿಯಲ್ಲು, ನೈಲಾನು ಬೆರೆಸಬೇಡಿ. ಸೀಟ್ ಬೆಲ್ಟ್ ಹಾಕಿಸುವುದಾದರೆ ಬೋಲ್ಟ್ 7/16 ಇಂಚಿನದಿರಲಿ, ಹಿಂದೆ 3 ಮಿ.ಮೀ. ಉಕ್ಕಿನ ಪ್ಲೇಟ್ ವೆಲ್ಡ್ ಆಗಿರಲಿ.

ಇಸುಜು 1817 ಸಿಸಿ ಇಂಜಿನ್, ಐದು ಗೇರ್ ಹಾಕಿಸುವವರು ಬಹಳ. ಚೆನ್ನಾಗಿಯೇ ಓಡುತ್ತದೆ. ಆದರೆ ಅದು ವಾರಾಂತ್ಯದಲ್ಲಿ ಮುಗಿಯುವ ಕೆಲಸವಲ್ಲ, ಮೊದಲೇ ಆರ್‌ಟಿಒ ಒಪ್ಪಿಗೆ ಪಡೆದು ಆರ್‌ಸಿಯಲ್ಲಿ ಬರೆಸಬೇಕು. 15 ವರ್ಷ ದಾಟಿದ ಗಾಡಿಯ ಆರ್‌ಸಿ ಐದೈದು ವರ್ಷಕ್ಕೆ ನವೀಕರಣವಾಗುವಾಗ ತಪಾಸಣೆ ಇದ್ದೇ ಇರುತ್ತದೆ, ಇಂಜಿನ್ ನಂಬರ್ ತಾಳೆಯಾಗದಿದ್ದರೆ ಗಾಡಿ ಅಲ್ಲೇ ನಿಂತಿತು. ಆರು ತಿಂಗಳಿಗೊಮ್ಮೆಯ ಹೊಗೆ ತಪಾಸಣೆಯಲ್ಲಿ ಇಂಥ ಹಳೆಯ ಪೆಟ್ರೋಲ್ ಕಾರಿಗೆ ಕಾರ್ಬನ್ ಮಾನಾಕ್ಸೈಡ್ ಮಿತಿ ಶೇ. 3. ಹದವಾದ ಕಾರ್ಬೊರೇಟರಿಗೆ ಇದು ಕಷ್ಟವಲ್ಲ. 50 ವರ್ಷ ದಾಟಿದ ಗಾಡಿಗೆ 2021ರ ನಿಯಮದಂತೆ ವಿಂಟೇಜ್ ನೋಂದಣಿ ಸಿಗುತ್ತದೆ, ಆದರೆ ಅದನ್ನು ಪಡೆದ ಗಾಡಿಯನ್ನು ದಿನಾ ಓಡಿಸುವಂತಿಲ್ಲ. ಓಡಿಸಲೆಂದೇ ಇಟ್ಟವರಿಗೆ ಮಾಮೂಲಿ ನೋಂದಣಿಯೇ ಸರಿ.

ಏನೇ ಹಾಕಿಸಿದರೂ ಸರಿಹೋಗದವೂ ಇವೆ. ನಿಂತಲ್ಲೇ ಸ್ಟಿಯರಿಂಗ್ ತಿರುಗಿಸಲು ತೋಳಿನ ಬಲ ಬೇಕು, ಮುಂದಿನ ಗ್ರೀಸ್ ನಿಪ್ಪಲ್‌ಗಳಿಗೆ 1500 ಕಿ.ಮೀ.ಗೊಮ್ಮೆ ಗನ್ ಹಿಡಿದರೆ ಸ್ವಲ್ಪ ಹಗುರ. ಮಳೆ ನೀರು ಬಾಗಿಲ ಒಳಗೆ ಇಳಿಯುವುದನ್ನು ಯಾವ ಬೀಡಿಂಗೂ ಪೂರ್ತಿ ತಡೆಯದು. ಮೇ ತಿಂಗಳ ಮೊದಲ ಮಳೆಗೆ ಮುಂಚೆ ನಾಲ್ಕೂ ಬಾಗಿಲ ಅಡಿಯ ತೂತುಗಳಿಗೆ ತಂತಿ ಹಾಕಿ ಮಣ್ಣು ತೆಗೆಯಿರಿ, ನೆಲದ ಮ್ಯಾಟ್ ಎತ್ತಿ ಒಂದು ಬಿಸಿಲು ಒಣಗಿಸಿ. ಈ ಗಾಡಿಗಳಲ್ಲಿ ಇಂಜಿನ್ನಿಗಿಂತ ಮೊದಲು ಹೋಗುವುದು ನೆಲದ ತಗಡು.