ರೈಜೋಬಿಯಂ ಬೀಜೋಪಚಾರ: ಪುಡಿಯೋ, ದ್ರವವೋ?

ರೈಜೋಬಿಯಂ ಎಂದರೆ ದ್ವಿದಳ ಬೆಳೆಯ ಬೇರಿನಲ್ಲಿ ಗಂಟು ಕಟ್ಟಿ ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವ ಜೀವಾಣು. ಬಿತ್ತುವ ಮುನ್ನ ಅದನ್ನು ಬೀಜಕ್ಕೆ ಲೇಪಿಸಬೇಕು. ಕಡಲೆ, ತೊಗರಿಗೆ ಪುಡಿ. ಸೋಯಾ, ಶೇಂಗಾಕ್ಕೆ ದ್ರವ. ಎರಡನ್ನೂ ಅಕ್ಕಪಕ್ಕದ ಸಾಲುಗಳಲ್ಲಿ ಬಿತ್ತಿ ನೋಡಿದ ಮೇಲೆ ನಮ್ಮ ಆಯ್ಕೆ ಇದು. ಇದನ್ನು ನಿರ್ಧರಿಸುವುದು ಬೀಜದ ಸಿಪ್ಪೆ.

ಲಿಗ್ನೈಟ್ (ಕಂದು ಕಲ್ಲಿದ್ದಲು) ಬೆರೆತ ಕಪ್ಪು ಪುಡಿ 200 ಗ್ರಾಂ ಇದ್ದರೆ 10 ಕೆ.ಜಿ. ಬೀಜಕ್ಕೆ ಸಾಕು. ಅರ್ಧ ಲೀಟರ್ ನೀರಿಗೆ 50 ಗ್ರಾಂ ಬೆಲ್ಲ ಹಾಕಿ ಕುದಿಸಿ, ಪೂರ್ತಿ ಆರಿಸಿ, ಆಮೇಲೆ ಪುಡಿ ಕಲಸಿ ಬೀಜಕ್ಕೆ ಉಜ್ಜಿ. ಬಿಸಿಯಿರುವಾಗಲೇ ಪುಡಿ ಕಲಸಿದರೆ ಜೀವಾಣು ಅಲ್ಲೇ ಸಾಯುತ್ತವೆ. ಬೆಲ್ಲದ ನೀರನ್ನು ಒಮ್ಮೆಲೇ ಸುರಿಯಬೇಡಿ, ಬೀಜ ಮಿನುಗುವಷ್ಟು ತೇವವಾದರೆ ಆಯಿತು. ಹೆಚ್ಚಾದರೆ ಬೀಜ ಒಂದಕ್ಕೊಂದು ಅಂಟಿ ಕೂರಿಗೆಯ ಕೊಳವೆ ಕಟ್ಟಿಕೊಳ್ಳುತ್ತದೆ. ಕಡಲೆ ಈ ಉಜ್ಜಾಟವನ್ನೆಲ್ಲ ತಾಳುತ್ತದೆ. ಶೇಂಗಾ ತಾಳದು: ಸಿಪ್ಪೆ ಸುಲಿದರೆ ಬೇಳೆ ಎರಡಾಗಿ ಒಡೆಯುತ್ತದೆ, ಅಂಥ ಬೀಜ ಮೊಳೆಯದು. ಸೋಯಾ ನೀರು ಕುಡಿದು ಸುಕ್ಕುಗಟ್ಟುತ್ತದೆ.

ದ್ರವವಾದರೆ ಕೆ.ಜಿ. ಬೀಜಕ್ಕೆ 5ರಿಂದ 10 ಮಿ.ಲೀ. ಮಾತ್ರ. ತಾಡಪಾಲಿನ ಮೇಲೆ ಬೀಜ ಹರಡಿ, ಚಿಮುಕಿಸಿ, ಇಬ್ಬರು ತುದಿ ಹಿಡಿದು ಹೊರಳಾಡಿಸಿದರೆ ಕೈ ತಾಗಿಸದೆಯೇ ಲೇಪವಾಗುತ್ತದೆ. ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ಪುಡಿಯಲ್ಲಿ ಗ್ರಾಂಗೆ 5 ಕೋಟಿ, ದ್ರವದಲ್ಲಿ ಮಿ.ಲೀ.ಗೆ 10 ಕೋಟಿ ಜೀವಾಣು ಇರಬೇಕು. ಪುಡಿಯ ಬಾಳಿಕೆ ಸುಮಾರು ಆರು ತಿಂಗಳು, ದ್ರವದ್ದು ಒಂದು ವರ್ಷ. ಬಿಸಿಲು ಬೀಳುವ ಕಪಾಟಿನಲ್ಲಿಟ್ಟ ಪೊಟ್ಟಣವನ್ನಂತೂ ದಿನಾಂಕ ಮುಗಿದಿರದಿದ್ದರೂ ಕೊಳ್ಳಬೇಡಿ. ಸೋಯಾದ ಜೀವಾಣು ಕಡಲೆಯ ಬೇರಿನಲ್ಲಿ ಗಂಟು ಕಟ್ಟುವುದಿಲ್ಲ. ಬೆಳೆಯ ಹೆಸರು ಓದಿಯೇ ತನ್ನಿ.

ಎರಡಕ್ಕೂ ಕ್ರಮ ಒಂದೇ: ಮೊದಲು ಶಿಲೀಂಧ್ರನಾಶಕ, ಒಣಗಿದ ಮೇಲೆ ಕೀಟನಾಶಕ, ಕೊನೆಗೆ ರೈಜೋಬಿಯಂ. ನೆರಳಲ್ಲಿ ಅರ್ಧ ಗಂಟೆ ಆರಿಸಿ ಅಂದೇ ಬಿತ್ತಬೇಕು. ಬಣ್ಣದ ವಿಷಲೇಪ ಮಾಡಿಯೇ ಬಂದ ಬೀಜವಾದರೆ ಲೇಪದ ಗೋಜು ಬಿಡಿ. ಎಕರೆಗೆ 2 ಕೆ.ಜಿ. ಪುಡಿಯನ್ನು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರದಲ್ಲಿ ಕಲಸಿ, ಮಣ್ಣಲ್ಲಿ ಹಸಿಯಿರುವಾಗ ಸಾಲಿಗೆ ಬಿಡುವುದು ಮೇಲು.

ಫಲ ತಿಳಿಯಬೇಕೆಂದರೆ 30-35ನೇ ದಿನ ಬೇರು ನೋಡಿ. ಗಿಡವನ್ನು ಕೈಯಿಂದ ಕೀಳಬೇಡಿ, ಗಂಟು ಮಣ್ಣಲ್ಲೇ ಉಳಿದುಬಿಡುತ್ತವೆ. ಸಲಿಕೆಯಿಂದ ಹೆಂಟೆ ಸಮೇತ ಎತ್ತಿ ಬಕೆಟ್ ನೀರಿನಲ್ಲಿ ನೆನೆಸಿ. ಕಡಲೆ, ಸೋಯಾದಲ್ಲಿ ತಾಯಿಬೇರಿನ ಬುಡದಲ್ಲೇ ಗೊಂಚಲಾಗಿದ್ದರೆ ಲೇಪ ಹಿಡಿದಿದೆ. ಉಗುರಿನಿಂದ ಸೀಳಿದಾಗ ಒಳಗೆ ನಸುಗೆಂಪಿದ್ದರೆ ಸಾರಜನಕ ಸಿಗುತ್ತಿದೆ. ಬೆಳ್ಳಗೋ ಹಸಿರಾಗಿಯೋ ಇದ್ದರೆ ಇಲ್ಲ. ಯೂರಿಯಾ ಹೆಚ್ಚು ಕೊಟ್ಟಲ್ಲಿ ಗಂಟುಗಳೇ ವಿರಳ, ಪುಡಿ ಹಾಕಿದರೂ ಅಷ್ಟೇ, ದ್ರವ ಹಾಕಿದರೂ ಅಷ್ಟೇ.