ಕಾಲಿನ್ಸ್ ಕೋಬಿಲ್ಡ್ ಡಿಕ್ಷನರಿ: ಇಂಗ್ಲಿಷ್ ಕಲಿಯೋರು ತಗೊಳ್ಳಿ

ಯಾವ ಇಂಗ್ಲಿಷ್ ಡಿಕ್ಷನರಿ ತಗೊಳ್ಳೋದು ಅಂತ ಯಾರು ಕೇಳಿದ್ರೂ ನಾನು ಇದನ್ನೇ ಹೇಳೋದು. 1987ರಲ್ಲಿ ಮೊದಲು ಬಂದಿದ್ದು, ಬರ್ಮಿಂಗ್‌ಹ್ಯಾಮ್ ಯೂನಿವರ್ಸಿಟಿಲಿ ಭಾಷಾತಜ್ಞ ಜಾನ್ ಸಿಂಕ್ಲೇರ್ ಟೀಮು, ಜನ ನಿಜವಾಗ್ಲೂ ಬರೆದ, ಮಾತಾಡಿದ ಇಂಗ್ಲಿಷನ್ನ ಕಂಪ್ಯೂಟರ್‌ಗೆ ತುಂಬಿ ಅದನ್ನ ನೋಡ್ಕೊಂಡು ಮಾಡಿದ್ದು. ಅರ್ಥ ಒಂದು ಪದದಲ್ಲಿ ಮುಗಿಸಲ್ಲ, ಪೂರ್ತಿ ವಾಕ್ಯದಲ್ಲಿ ಹೇಳ್ತಾರೆ.

ಇದರ ಬೆಲೆ ಗೊತ್ತಾಗೋದು ವಾಂಟ್, ವಿಶ್, ಡಿಸೈರ್, ಕ್ರೇವ್, ಲಾಂಗ್, ಯರ್ನ್ ಥರದ ಪದ ಹುಡುಕಿದಾಗ. ಎಲ್ಲಾನೂ ಬಯಸೋದೇ, ಆದ್ರೆ ಒಂದರ ಜಾಗದಲ್ಲಿ ಇನ್ನೊಂದು ಕೂರಲ್ಲ. ಕ್ರೇವ್ ಅಂದ್ರೆ ತಡೆಯೋಕಾಗದ ಆಸೆ, ಬಸುರಿ ಹೆಂಗಸಿಗೆ ಮಾವಿನಕಾಯಿ ಬೇಕು ಅನ್ಸುತ್ತಲ್ಲ, ಸಿಗರೇಟ್ ಬಿಟ್ಟೋರಿಗೆ ಸಿಗರೇಟ್ ಎಳೀಬೇಕು ಅನ್ಸುತ್ತಲ್ಲ, ಅದು. ಲಾಂಗ್ ಫಾರ್‌ನಲ್ಲಿ ಬೇಗ ಸಿಗದೇ ಇರೋದರ ಹಂಬಲ ಇದೆ, ದುಬೈಲಿ ಕೆಲಸ ಮಾಡೋರು ಊರಿನ ಮಳೆ ನೆನೆಸ್ಕೊಳ್ಳೋ ಥರ. ಯರ್ನ್ ಕೂಡ ಹತ್ತಿರದ್ದೇ, ಕಥೆ ಕವಿತೇಲಿ ಜಾಸ್ತಿ. 'ಐ ವಿಶ್ ಐ ಹ್ಯಾಡ್ ಎ ಕಾರ್' ಅಂದ್ರೆ ಕಾರ್ ಇಲ್ಲ ಅಂತಾನೇ ಅರ್ಥ, 'ಐ ವಾಂಟ್ ಎ ಕಾರ್' ಹಾಗಲ್ಲ. ಡಿಸೈರ್‌ಗೆ ಫಾರ್ಮಲ್ ಅಂತ ಗುರುತು ಹಾಕಿರೋದು ತುಂಬಾ ಉಪಯೋಗ, ಇಲ್ಲಾಂದ್ರೆ ಹೋಟೆಲಲ್ಲಿ 'ಐ ಡಿಸೈರ್ ಕಾಫಿ' ಅಂದುಬಿಡ್ತೀವಿ, ಅಲ್ಲಿ 'ಐ ವಾಂಟ್' ಕೂಡ ಸ್ವಲ್ಪ ಒರಟೇ, 'ಐ ವುಡ್ ಲೈಕ್' ಸರಿ.

ಕೊರತೆ ಅಂದ್ರೆ ಪುಸ್ತಕ ದಪ್ಪ, ಅಕ್ಷರ ಸಣ್ಣದು, ಇಂಥ ಪದಗಳನ್ನ ಹೋಲಿಸಬೇಕಾದ್ರೆ ಪುಟ ತಿರುವ್ತಾ ಇರಬೇಕು. ಕಾಲಿನ್ಸ್ ವೆಬ್‌ಸೈಟಲ್ಲಿ ಫ್ರೀಯಾಗಿ ಸಿಗುತ್ತೆ, ಮೊದಲು ಅಲ್ಲಿ ನೋಡಿ ಆಮೇಲೆ ದುಡ್ಡು ಹಾಕಿ.