ಅಂಗಡಿಯಲ್ಲಿ ಹೊಳೆಯುವ ವಾಚು, ಕೈಯಲ್ಲಿ ಉಳಿಯುವ ವಾಚು: ನಾಲ್ಕು ಬಗೆಯ ಸ್ಮಾರ್ಟ್‌ವಾಚುಗಳ ಹೋಲಿಕೆ

ಸ್ಮಾರ್ಟ್‌ವಾಚು ಕೊಳ್ಳಲು ಹೊರಟವರಿಗೆ ಇವತ್ತು ನಾಲ್ಕು ಬಗೆ ಸಿಗುತ್ತವೆ. ಒಂದು, ಫೋನಿನಂತೆ ಪೂರ್ತಿ ಆಪರೇಟಿಂಗ್ ಸಿಸ್ಟಮ್ ಇರುವ ಆಪಲ್ ವಾಚ್, ಗ್ಯಾಲಕ್ಸಿ ವಾಚ್. ಎರಡು, ಒಂದೂವರೆಯಿಂದ ಮೂರು ಸಾವಿರ ರೂಪಾಯಿಯ ‘ಬ್ಲೂಟೂತ್ ಕಾಲಿಂಗ್’ ವಾಚುಗಳು. ಮೂರು, ಬಿಸಿಲು ಬಿದ್ದಷ್ಟೂ ಸ್ಪಷ್ಟವಾಗಿ ಕಾಣುವ, ಎಂದೂ ಆರದ ಪರದೆಯವು. ಪೆಬಲ್, 2018ರ ಹೊತ್ತಿಗೆ ಇಲ್ಲಿಗೆ ಬಂದ ಅಮೇಜ್‌ಫಿಟ್ ಬಿಪ್, ಗಾರ್ಮಿನ್ ಫೋರ್‌ರನ್ನರ್ 55 ಈ ಜಾತಿಗೆ ಸೇರಿದವು. ನಾಲ್ಕು, ನಿಜವಾದ ಮುಳ್ಳುಗಳಿರುವ ಹೈಬ್ರಿಡ್. ನಾಲ್ಕನ್ನೂ ಕಟ್ಟಿ ಬಳಸಿದ ಮೇಲೆ ನಮಗೆ ಖಚಿತವಾದದ್ದು ಒಂದೇ: ಕೌಂಟರಿನ ಬೆಳಕಿನಲ್ಲಿ ಗೆಲ್ಲುವ ವಿನ್ಯಾಸ ದಿನನಿತ್ಯದ ಬಳಕೆಯಲ್ಲಿ ಸೋಲುತ್ತದೆ. ಸಾಮಾನ್ಯ ಗಿರಾಕಿಗೆ ಸ್ಮಾರ್ಟ್‌ವಾಚು ಒಗ್ಗುತ್ತದೋ ಇಲ್ಲವೋ ಎಂಬುದು ಈ ಅಂತರದಲ್ಲೇ ಇತ್ಯರ್ಥವಾಗುತ್ತದೆ.

ಈ ಕವಲು ಹಳೆಯದು. 2012ರಲ್ಲಿ, ಜನರಿಂದ ಮುಂಗಡ ಹಣ ಕೂಡಿಸುವ ಕಿಕ್‌ಸ್ಟಾರ್ಟರ್ ತಾಣದಲ್ಲಿ ಒಂದು ಕೋಟಿ ಡಾಲರಿಗೂ ಹೆಚ್ಚು ಸಂಗ್ರಹಿಸಿದ ಪೆಬಲ್, 144×168 ಪಿಕ್ಸೆಲ್‌ಗಳ ಕಪ್ಪು-ಬಿಳುಪು ಪರದೆ ಮತ್ತು ನಾಲ್ಕು ಬಟನ್‌ಗಳೊಂದಿಗೆ ಬಂತು. ಟಚ್ ಇರಲಿಲ್ಲ, ಚಾರ್ಜು ವಾರದ ತನಕ ಬರುತ್ತಿತ್ತು. 2013ರ ಸೆಪ್ಟೆಂಬರಿನಲ್ಲಿ ಬಂದ ಸ್ಯಾಮ್‌ಸಂಗ್ ಗ್ಯಾಲಕ್ಸಿ ಗೇರ್ ನೇರ ವಿರುದ್ಧ ದಿಕ್ಕು ಹಿಡಿಯಿತು: 1.63 ಇಂಚಿನ, ಪ್ರತಿ ಚುಕ್ಕಿಯೂ ತಾನೇ ಬೆಳಗುವ ಬಣ್ಣದ ಅಮೋಲೆಡ್ ಪರದೆ, ಬೆಲ್ಟಿನಲ್ಲೇ 1.9 ಮೆಗಾಪಿಕ್ಸೆಲ್ ಕ್ಯಾಮೆರಾ, ಮಾತಾಡಲು ಸ್ಪೀಕರ್, ಬೆಲೆ 299 ಡಾಲರ್, ಮೊದಮೊದಲು ಗ್ಯಾಲಕ್ಸಿ ನೋಟ್ 3ರ ಜೊತೆ ಮಾತ್ರ ಕೆಲಸ, ಬ್ಯಾಟರಿ ಒಂದು ದಿನದ ಮಾತು. ಅದು ಫೋನನ್ನು ಕುಗ್ಗಿಸಿ ಕೈಗೆ ಕಟ್ಟಿದ ವಿನ್ಯಾಸ. ಇಂದು ಎರಡು ಸಾವಿರಕ್ಕೆ ಸಿಗುವ ವಾಚುಗಳು ರೂಪದಲ್ಲಿ ಆಪಲ್ ವಾಚನ್ನು ಹೋಲುತ್ತವೆ. ಆದರೆ ಅವುಗಳ ಯೋಚನೆ ಗ್ಯಾಲಕ್ಸಿ ಗೇರ್‌ನದ್ದು.

ಮೊದಲ ಪರೀಕ್ಷೆ ಗಂಟೆ ನೋಡುವುದು. ಸ್ಕೂಟರಿನ ಹ್ಯಾಂಡಲ್ ಹಿಡಿದಾಗ ಮಣಿಕಟ್ಟು ಕಣ್ಣಿನ ಕಡೆಗೆ ತಿರುಗಿರುವುದಿಲ್ಲ. ಸಾದಾ ವಾಚಾದರೆ ಕತ್ತು ಸ್ವಲ್ಪ ಬಾಗಿಸಿದರೆ ಸಾಕು. ಕೈ ಎತ್ತಿದರೆ ಮಾತ್ರ ಬೆಳಗುವ ಪರದೆಗೆ ಆ ಚಲನೆ ಬೇಕೇ ಬೇಕು. ಚಲನೆ ಅಳೆಯುವ ಒಳಗಿನ ಅಕ್ಸೆಲೆರೋಮೀಟರ್ ‘ಕೈ ಕೆಳಗಿತ್ತು, ಮೇಲೆ ಬಂತು, ಡಯಲ್ ಆಕಾಶದ ಕಡೆ ತಿರುಗಿತು’ ಎಂಬ ಸರಣಿಯನ್ನು ಕಾಯುತ್ತದೆ. ಅಗ್ಗದ ವಾಚುಗಳಲ್ಲಿ ಬ್ಯಾಟರಿ ಉಳಿಸಲು ಈ ಸೆನ್ಸರನ್ನು ಆಗೊಮ್ಮೆ ಈಗೊಮ್ಮೆ ಮಾತ್ರ ಓದುತ್ತಾರೆ. ಹಾಗಾಗಿ ಕೈ ಎತ್ತಿ ಕ್ಷಣ ಕಾದ ಮೇಲೆ ಪರದೆ ಬೆಳಗುತ್ತದೆ, ಅಷ್ಟರಲ್ಲಿ ಕಣ್ಣು ರಸ್ತೆಗೆ ಮರಳಿರುತ್ತದೆ. ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗ, ಮಗುವನ್ನು ಎತ್ತಿಕೊಂಡಾಗ ಇದೇ ಕಥೆ. ಮಲಗಿದಾಗ ಮಾತ್ರ ತಲೆಕೆಳಗು: ಮಗ್ಗುಲು ಬದಲಿಸಿದರೆ ಕೋಣೆಯೆಲ್ಲ ಬೆಳಕು.

ಪರದೆ ಸದಾ ಬೆಳಗಿರುವ ‘ಆಲ್ವೇಸ್ ಆನ್’ ಇದೆಯಲ್ಲ ಎನ್ನುತ್ತಾರೆ. ಅಮೋಲೆಡ್‌ನಲ್ಲಿ ಕಪ್ಪು ಪಿಕ್ಸೆಲ್‌ಗೆ ವಿದ್ಯುತ್ ಬೇಡ, ಆದ್ದರಿಂದ ತೆಳ್ಳಗಿನ ಗಡಿಯಾರದ ಮುಖ ಇಟ್ಟರೆ ಖರ್ಚು ಕಡಿಮೆಯೇ. ಆದರೂ ಅಗ್ಗದ ವಾಚುಗಳಲ್ಲಿ ಅದನ್ನು ಆನ್ ಮಾಡಿದರೆ ವಾರದ ಬ್ಯಾಟರಿ ಎರಡು-ಮೂರು ದಿನಕ್ಕೆ ಇಳಿಯುತ್ತದೆ. ಕಡಿಮೆ ಬೆಲೆಯ ಎಷ್ಟೋ ವಾಚುಗಳಲ್ಲಿ ಇರುವುದು ಅಮೋಲೆಡ್ ಅಲ್ಲ, ಟಿಎಫ್‌ಟಿ. ಅದರಲ್ಲಿ ಕಪ್ಪು ತೋರಿಸಲೂ ಹಿಂದಿನ ದೀಪ ಉರಿಯಲೇಬೇಕು. 2022ರ ಆಪಲ್ ವಾಚ್ ಎಸ್‌ಇಯಲ್ಲಂತೂ ಈ ಸೌಲಭ್ಯವೇ ಇಲ್ಲ.

ಮೂರನೇ ಬಗೆಯ ಪರದೆ ಹೊರಗಿನ ಬೆಳಕನ್ನೇ ಪ್ರತಿಫಲಿಸಿ ಕೆಲಸ ಮಾಡುತ್ತದೆ. ಬಳ್ಳಾರಿಯ ಮಧ್ಯಾಹ್ನದ ಬಿಸಿಲಿನಲ್ಲಿ ಅಮೋಲೆಡ್ ತನ್ನ ಹೊಳಪನ್ನೆಲ್ಲ ಸುರಿದು ಸೆಣಸುವಾಗ ಇದು ಏನೂ ಖರ್ಚಿಲ್ಲದೆ ಅಚ್ಚಾದ ಕಾಗದದಂತೆ ಕಾಣುತ್ತದೆ. ಮನೆಯ ಮಂದ ಬೆಳಕಿನಲ್ಲಿ ಮಾತ್ರ ಬಣ್ಣಗಳು ಮಾಸಿದಂತಿರುತ್ತವೆ, ರಾತ್ರಿ ಬಟನ್ ಒತ್ತಿ ದೀಪ ಹಾಕಿಕೊಳ್ಳಬೇಕು. ಆನ್‌ಲೈನ್ ಫೋಟೋದಲ್ಲಿ, ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಇದು ಹಳೇ ಕ್ಯಾಲ್ಕುಲೇಟರಿನ ಹಾಗೆ ಕಾಣುವುದರಿಂದ ಗಿರಾಕಿ ಪಕ್ಕದ ಹೊಳೆಯುವುದನ್ನು ಎತ್ತಿಕೊಳ್ಳುತ್ತಾನೆ. ಬಿಪ್ ಹೆಸರಿನ ಹೊಸ ಮಾದರಿಗಳೇ ಟಿಎಫ್‌ಟಿಗೆ, ಆಮೇಲೆ ಅಮೋಲೆಡ್‌ಗೆ ಹೊರಳಿದವು. ಒಳ್ಳೆಯ ವಿನ್ಯಾಸವೊಂದು ಹೀಗೆ ಪ್ರದರ್ಶನದ ಒತ್ತಡಕ್ಕೆ ಮಣಿದದ್ದು ನಮಗೆ ನಿಜಕ್ಕೂ ಬೇಸರದ ಸಂಗತಿ.

ಬ್ಯಾಟರಿಯ ಲೆಕ್ಕ ಹಾಕಿದರೆ ಈ ಅಂತರ ಎಷ್ಟು ದೊಡ್ಡದೆಂದು ತಿಳಿಯುತ್ತದೆ. 44 ಮಿ.ಮೀ. ಗ್ಯಾಲಕ್ಸಿ ವಾಚ್ 4ರ ಬ್ಯಾಟರಿಯ ಸಾಮರ್ಥ್ಯ 361 ಎಂಎಎಚ್, ಕಂಪನಿ ಹೇಳುವುದು 40 ಗಂಟೆ. ಅಂದರೆ ಸರಾಸರಿ ಬಳಕೆ ಸುಮಾರು 35 ಮಿಲಿವ್ಯಾಟ್. ಬಿಪ್‌ನಲ್ಲಿ 190 ಎಂಎಎಚ್, 30 ದಿನ: ಒಂದು ಮಿಲಿವ್ಯಾಟ್. ಏಳು ವರ್ಷ ಒಂದೇ ಸೆಲ್ಲಿನಲ್ಲಿ ಓಡುವ ಸಾದಾ ಡಿಜಿಟಲ್ ವಾಚು ಕ್ಯಾಸಿಯೋ ಎಫ್-91ಡಬ್ಲ್ಯೂಗೆ ಅದರ ಇನ್ನೂರರಲ್ಲೊಂದು ಪಾಲೂ ಬೇಡ. ಬ್ಯಾಟರಿ ಸಣ್ಣದಾಯಿತು ಎಂದು ದೂರುವವರು ಗಮನಿಸಬೇಕಾದದ್ದು ಇದನ್ನೇ. ವಾಚಿನೊಳಗೆ ಎರಡು ಪಟ್ಟು ದೊಡ್ಡ ಬ್ಯಾಟರಿ ಹೇಗೋ ತುರುಕಬಹುದು, ಮೂವತ್ತೈದು ಪಟ್ಟು ಸಾಧ್ಯವಿಲ್ಲ. ಖರ್ಚು ಇಳಿಸುವುದೊಂದೇ ದಾರಿ.

ಇದರ ಹಿಂದೆಯೇ ಆಯುಸ್ಸಿನ ಪ್ರಶ್ನೆ ಬರುತ್ತದೆ. ಲಿಥಿಯಂ ಬ್ಯಾಟರಿ ಸುಮಾರು 500ರಿಂದ 1,000 ಪೂರ್ತಿ ಚಾರ್ಜಿನ ನಂತರ ತನ್ನ ಸಾಮರ್ಥ್ಯದ ಐದನೇ ಒಂದು ಭಾಗ ಕಳೆದುಕೊಳ್ಳುತ್ತದೆ. ದಿನವೂ ಚಾರ್ಜ್ ಮಾಡುವ ವಾಚಿಗೆ ಇದು ಒಂದೂವರೆಯಿಂದ ಮೂರು ವರ್ಷ. ಹೊಸದರಲ್ಲೇ 18 ಗಂಟೆ ಎನ್ನುವ ವಾಚು ಆ ಹೊತ್ತಿಗೆ ಸಂಜೆಯ ವಾಕಿಂಗಿಗೆ ಉಳಿಯುವುದು ಕಷ್ಟ. ತಿಂಗಳಿಗೊಮ್ಮೆ ಚಾರ್ಜ್ ಆಗುವುದರಲ್ಲಿ ಬ್ಯಾಟರಿಗಿಂತ ಮೊದಲು ಬೆಲ್ಟ್ ಹರಿಯುತ್ತದೆ.

ಅಗ್ಗದ ವಾಚು ಕೆಡುವುದು ಬಹುಪಾಲು ಚಾರ್ಜಿಂಗ್ ಪಿನ್ನಿನಲ್ಲಿ. ಬೆನ್ನಿನ ಮೇಲಿರುವ ಎರಡು ಲೋಹದ ಚುಕ್ಕೆಗಳಿಗೆ ಬೆವರಿನ ಉಪ್ಪು ಅಂಟಿರುತ್ತದೆ. ಒರೆಸದೆ ಮ್ಯಾಗ್ನೆಟ್ ಕೇಬಲ್ ಕಚ್ಚಿಸಿದರೆ ಆ ಉಪ್ಪುನೀರಿನ ಮೂಲಕ ಕರೆಂಟು ಹರಿದು ಲೇಪ ಏಳುತ್ತದೆ, ಹಸಿರು ಅಥವಾ ಕಪ್ಪು ಕಿಲುಬು ಕಟ್ಟುತ್ತದೆ, ಕೊನೆಗೆ ಚಾರ್ಜ್ ನಿಲ್ಲುತ್ತದೆ. ಹತ್ತಿಯ ಬಡ್ಸಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ತೊಟ್ಟು ಹಾಕಿ ವಾಚಿನ ಚುಕ್ಕೆ, ಕೇಬಲಿನ ಪಿನ್ನು ಎರಡನ್ನೂ ಒರೆಸಿ, ಒಣಗಿದ ಮೇಲೆ ಹಚ್ಚಬೇಕು. ಕೇಬಲ್ ಕಳೆದರೆ ಬದಲಿ ತರುವ ಮುನ್ನ ಎರಡು ಪಿನ್ನುಗಳ ನಡುವಿನ ಅಂತರ ಅಳೆಯಿರಿ. 2.84 ಮಿ.ಮೀ. ಮತ್ತು 4 ಮಿ.ಮೀ. ಎರಡೂ ಚಾಲ್ತಿಯಲ್ಲಿವೆ, ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ. ವೈರ್‌ಲೆಸ್ ಚಾರ್ಜಿಂಗ್ ಇರುವ ದುಬಾರಿ ವಾಚುಗಳಿಗೆ ಈ ಕಾಟವಿಲ್ಲ. ಅಲ್ಲಿ ಖರ್ಚು ಮಾಡಿದ ಹಣಕ್ಕೆ ಅರ್ಥವಿದೆ.

ಕನ್ನಡ ಓದುವವರಿಗೆ ಇನ್ನೊಂದು ಪರೀಕ್ಷೆ ಬಹು ಮುಖ್ಯ. ವಾಟ್ಸ್ಆ್ಯಪ್‌ನಲ್ಲಿ ಬಂದ ಸಂದೇಶ ವಾಚಿನಲ್ಲಿ ಹೇಗೆ ಕಾಣುತ್ತದೆ? ಆಪಲ್ ಮತ್ತು ಗ್ಯಾಲಕ್ಸಿ ವಾಚುಗಳಲ್ಲಿ ಕನ್ನಡ ಫೋನಿನಲ್ಲಿದ್ದಂತೆಯೇ ಮೂಡುತ್ತದೆ, ಏಕೆಂದರೆ ಅಕ್ಷರ ಜೋಡಿಸುವ ವ್ಯವಸ್ಥೆ ಅವುಗಳ ಸಿಸ್ಟಮ್ಮಿನ ಒಳಗೇ ಇದೆ. ಅಗ್ಗದ ವಾಚುಗಳ ಪುಟ್ಟ ಸಾಫ್ಟ್‌ವೇರಿನಲ್ಲಿ ಎಷ್ಟೋ ಸಲ ಕನ್ನಡದ ಫಾಂಟೇ ಇರುವುದಿಲ್ಲ, ಬರಿ ಚೌಕಗಳ ಸಾಲು ಬರುತ್ತದೆ. ಫಾಂಟ್ ಇದ್ದರೂ ಒತ್ತಕ್ಷರ ಕೂಡಿಸಲು ಬಾರದ್ದರಿಂದ ‘ರಾಷ್ಟ್ರ’ ಎಂಬುದು ‘ರಾಷ್‌ಟ್‌ರ’ ಎಂದು ಒಡೆದು ನಿಲ್ಲುತ್ತದೆ. ಕೊಳ್ಳುವ ಮುನ್ನ ಯಾರಿಂದಲಾದರೂ ‘ಸ್ತ್ರೀ, ಕ್ಷಣ, ರಾಷ್ಟ್ರ, ಸೂರ್ಯ’ ಎಂಬ ಒಂದೇ ಸಾಲು ಕಳಿಸಿಕೊಂಡು ನೋಡಿ. ಅರ್ಕಾವತ್ತು ಸರಿಯಾಗಿ ಕೂತರೆ ಉಳಿದದ್ದೂ ಕೂರುತ್ತದೆ. ಇಂಗ್ಲಿಷ್ ಓದದ ಅಪ್ಪ-ಅಮ್ಮನಿಗೆ ಕೊಡಿಸುವ ವಾಚಿನಲ್ಲಿ ಇದು ಫೇಲಾದರೆ ನೋಟಿಫಿಕೇಷನ್ ಎಂಬ ಸೌಲಭ್ಯವೇ ಇಲ್ಲವೆಂದು ಲೆಕ್ಕ.

ನೋಟಿಫಿಕೇಷನ್ ಬರುವುದೇ ನಿಂತುಹೋಗುವ ದೂರಿಗೆ ಹೆಚ್ಚಿನ ಸಲ ಕಾರಣ ವಾಚಲ್ಲ, ಆಂಡ್ರಾಯ್ಡ್ ಫೋನು ಬ್ಯಾಟರಿ ಉಳಿಸಲೆಂದು ಹಿನ್ನೆಲೆಯ ಆ್ಯಪನ್ನು ಮುಚ್ಚುವುದು. ಫೋನಿನ ಸೆಟ್ಟಿಂಗ್ಸ್‌ನಲ್ಲಿ ವಾಚಿನ ಆ್ಯಪ್ ತೆರೆದು ಬ್ಯಾಟರಿಯನ್ನು ‘ಅನ್‌ರಿಸ್ಟ್ರಿಕ್ಟೆಡ್’ ಮಾಡಿ, ‘ಆಟೋಸ್ಟಾರ್ಟ್’ ಇದ್ದರೆ ಆನ್ ಮಾಡಿ, ನೋಟಿಫಿಕೇಷನ್ ಆ್ಯಕ್ಸೆಸ್ ಒಮ್ಮೆ ತೆಗೆದು ಮತ್ತೆ ಕೊಡಿ. ಮುಕ್ಕಾಲು ಪಾಲು ಸಮಸ್ಯೆ ಇಷ್ಟರಲ್ಲೇ ಮುಗಿಯುತ್ತದೆ.

ಕಾಲಿಂಗ್ ಬಗ್ಗೆ ಅಸಡ್ಡೆ ಬೇಡ. ಕೈಯೆಲ್ಲ ಹಿಟ್ಟಾಗಿರುವ ಅಡುಗೆಮನೆಯಲ್ಲಿ, ಗ್ರೀಸ್ ಮೆತ್ತಿದ ಗ್ಯಾರೇಜಿನಲ್ಲಿ ‘ಆಮೇಲೆ ಮಾಡ್ತೀನಿ’ ಎಂದು ಹೇಳಿ ಮುಗಿಸಲು ಅದು ಬಲು ಉಪಯೋಗ. ತೊಡಕು ಬೇರೆ ಕಡೆ ಇದೆ. ಇಂಥ ವಾಚು ಫೋನಿಗೆ ಎರಡು ಸಲ ಪೇರ್ ಆಗುತ್ತದೆ: ಮಾಹಿತಿಗೆ ಕಡಿಮೆ ವಿದ್ಯುತ್ತಿನ ಬ್ಲೂಟೂತ್, ಧ್ವನಿಗೆ ಮಾಮೂಲಿ ಬ್ಲೂಟೂತ್. ಎರಡನೆಯದು ಆನ್ ಇದ್ದಷ್ಟು ಹೊತ್ತು ಫೋನು ವಾಚನ್ನು ಹೆಡ್‌ಸೆಟ್ ಎಂದೇ ತಿಳಿಯುತ್ತದೆ. ಹಾಗಾಗಿ ಫೋನನ್ನು ಕಿವಿಗಿಟ್ಟು ಹಲೋ ಎಂದರೆ ಎದುರಿನ ದನಿ ಮಣಿಕಟ್ಟಿನಿಂದ ಬರುತ್ತದೆ, ಪಕ್ಕದ ಸೀಟಿನವರಿಗೂ ಕೇಳುತ್ತದೆ. ಪರದೆಯನ್ನು ಮೇಲಿಂದ ಎಳೆದರೆ ಸಿಗುವ ಫೋನಿನ ಚಿಹ್ನೆ ಒತ್ತಿ ಧ್ವನಿಯ ಸಂಪರ್ಕ ಆಫ್ ಮಾಡಿಟ್ಟು, ಬೇಕಾದಾಗ ಮಾತ್ರ ಆನ್ ಮಾಡುವುದು ಲೇಸು. ಬ್ಯಾಟರಿಯೂ ಉಳಿಯುತ್ತದೆ.

ಬಟನ್‌ಗಳ ವಿಷಯದಲ್ಲಿ ಪೆಬಲ್ಲೇ ಮೇಲು. ಬೆರಳಿಟ್ಟರೆ ಸಣ್ಣ ಪರದೆಯ ಅರ್ಧ ಮುಚ್ಚುತ್ತದೆ, ಮಳೆಹನಿ ಬಿದ್ದರೆ ಟಚ್ ತನ್ನಷ್ಟಕ್ಕೆ ಒತ್ತಿಕೊಳ್ಳುತ್ತದೆ. ಆಪಲ್ ಇದಕ್ಕೆಂದೇ ಬದಿಯಲ್ಲಿ ತಿರುಗುವ ಗುಬುಟು, ಅಂದರೆ ಕ್ರೌನ್ ಇಟ್ಟಿತು, ಸ್ಯಾಮ್‌ಸಂಗ್ 2015ರ ಗೇರ್ ಎಸ್2ನಲ್ಲಿ ಪರದೆಯ ಸುತ್ತಿನ ಬಳೆಯನ್ನೇ ತಿರುಗುವಂತೆ ಮಾಡಿತು. ಅಗ್ಗದ ವಾಚುಗಳು ಕ್ರೌನಿನ ಆಕಾರವನ್ನು ಮಾತ್ರ ನಕಲು ಮಾಡುವುದುಂಟು. ತಿರುಗಿಸಿ ನೋಡಿ, ಪರದೆಯ ಮೇಲಿನ ಪಟ್ಟಿ ಸರಿಯದಿದ್ದರೆ ಅದು ಬರಿ ಬಟನ್.

ಗಾತ್ರ ನೋಡಿ. ನಮ್ಮ ಹಿರಿಯರು ಕಟ್ಟುತ್ತಿದ್ದ ಎಚ್‌ಎಂಟಿ ಜನತಾ ಸುಮಾರು 35 ಮಿ.ಮೀ. ಅಗಲ. ಬೆಂಗಳೂರಿನ ಟೈಟಾನ್ ಕಂಪನಿಯ ಎಡ್ಜ್ ದಪ್ಪದಲ್ಲಿ ಕೇವಲ 3.5 ಮಿ.ಮೀ. 2014ರ ಮೋಟೋ 360 ದುಂಡಗೆ ಸುಂದರವಾಗಿದ್ದರೂ 46 ಮಿ.ಮೀ. ಅಗಲ, 11 ಮಿ.ಮೀ. ದಪ್ಪ. ತುಂಬುತೋಳಿನ ಅಂಗಿಯ ಕಫ್ ಅದರ ಮೇಲೆ ಜಾರುತ್ತಿರಲಿಲ್ಲ. ಬೆನ್ನಿನ ನಾಡಿ ಸೆನ್ಸರ್, ಬ್ಯಾಟರಿ, ಪರದೆ ಒಂದರ ಮೇಲೊಂದು ಪೇರಿಸಬೇಕಾದ್ದರಿಂದ ಗ್ಯಾಲಕ್ಸಿ ವಾಚ್ 4 ಕೂಡ 10 ಮಿ.ಮೀ. ಆಸುಪಾಸಿನಲ್ಲಿದೆ. ಪೆಟ್ಟಿಗೆ ಮೇಲಿನ ‘1.96 ಇಂಚು’ ನೋಡಿ ಮರುಳಾಗದೆ, ಮಣಿಕಟ್ಟಿನ ಮೇಲ್ಭಾಗದ ಚಪ್ಪಟೆ ಜಾಗವನ್ನು ಸ್ಕೇಲಿನಿಂದ ಅಳೆಯಿರಿ. ಬೆಲ್ಟ್ ಸೇರುವ ಮೇಲಿನ ತುದಿಯಿಂದ ಕೆಳಗಿನ ತುದಿಯವರೆಗೆ ವಾಚಿನ ಉದ್ದ ಅದಕ್ಕಿಂತ ಕಡಿಮೆ ಇರಬೇಕು. ಹೆಚ್ಚಿದ್ದರೆ ಅಂಚು ಎದ್ದು ನಿಂತು, ಸೆನ್ಸರ್ ಚರ್ಮದಿಂದ ಮೇಲೇಳುತ್ತದೆ. ಹೆಂಗಸರ ತೆಳು ಮಣಿಕಟ್ಟಿನಲ್ಲಿ ದೊಡ್ಡ ಚೌಕದ ವಾಚು ನಾಡಿಯನ್ನು ತಪ್ಪು ಎಣಿಸಲು ಇದೂ ಒಂದು ಕಾರಣ.

ಆರೋಗ್ಯದ ಅಂಕಿಗಳಲ್ಲಿ ನಂಬಬಹುದಾದದ್ದು ವಿಶ್ರಾಂತಿಯ ನಾಡಿ ಬಡಿತ. ಹಸಿರು ಎಲ್‌ಇಡಿ ಚರ್ಮದೊಳಗೆ ಬೆಳಕು ಬಿಡುತ್ತದೆ, ರಕ್ತ ಹೀರಿ ಉಳಿದದ್ದು ಎಷ್ಟು ಮರಳಿತೆಂದು ಸೆನ್ಸರ್ ಅಳೆಯುತ್ತದೆ. ಬೆಲ್ಟ್ ಸಡಿಲವಿದ್ದರೆ, ಕೈ ತಣ್ಣಗಿದ್ದರೆ, ಹಚ್ಚೆ ಇದ್ದರೆ ಕೆಡುತ್ತದೆ. ಮಣಿಕಟ್ಟಿನ ಮೂಳೆಯಿಂದ ಒಂದು ಬೆರಳು ಮೇಲೆ, ಜಾರದಷ್ಟು ಬಿಗಿಯಾಗಿ ಕಟ್ಟಬೇಕು. ಗುಂಡಿ ಬಿದ್ದ ರಸ್ತೆಯ ಬೈಕ್ ಸವಾರಿ ಹೆಜ್ಜೆಗಳನ್ನು ಏರಿಸುತ್ತದೆ, ಅದು ಎಲ್ಲ ವಾಚುಗಳಲ್ಲೂ ಅಷ್ಟಿಷ್ಟು ಇದ್ದದ್ದೇ. ರಕ್ತದೊತ್ತಡಕ್ಕೆ ಸ್ಯಾಮ್‌ಸಂಗ್ ಕೂಡ ತೋಳಿಗೆ ಕಟ್ಟುವ ಬಿಪಿ ಯಂತ್ರದ ಜೊತೆ 28 ದಿನಕ್ಕೊಮ್ಮೆ ಹೊಂದಿಸಿಕೊಳ್ಳಲು ಹೇಳುತ್ತದೆ. ಹೊಂದಿಸುವ ಗೋಜೇ ಇಲ್ಲದೆ ಬಿಪಿ ತೋರಿಸುವ ಎರಡು ಸಾವಿರದ ವಾಚಿನ ಅಂಕಿ ನೋಡಿ ಮಾತ್ರೆ ಬದಲಿಸಬೇಡಿ. ಸೂಜಿ ಚುಚ್ಚದೆ ಸಕ್ಕರೆ ಅಳೆಯುತ್ತೇವೆನ್ನುವ ವಾಚುಗಳ ವಿರುದ್ಧ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಫೆಬ್ರುವರಿಯಲ್ಲಿ ಎಚ್ಚರಿಕೆ ಕೊಟ್ಟಿದೆ. ಮಧುಮೇಹಿಗಳು ಅಂಥದನ್ನು ಮುಟ್ಟಲೇಬಾರದು.

ಹೈಬ್ರಿಡ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಮುಳ್ಳು ಸದಾ ಕಾಣುತ್ತದೆ, ನೋಡಲು ವಾಚಿನಂತೆಯೇ ಇರುತ್ತದೆ, ವಿಥಿಂಗ್ಸ್ ಸ್ಕ್ಯಾನ್‌ವಾಚ್ 30 ದಿನ ಬರುತ್ತದೆ. ಸಂದೇಶ ಓದುವುದು ಮಾತ್ರ ಹೆಸರಿಗಷ್ಟೇ. ಹೈಬ್ರಿಡ್‌ಗಳನ್ನೂ ಮಾಡುತ್ತಿದ್ದ ಫಾಸಿಲ್ ಕಂಪನಿ 2024ರ ಜನವರಿಯಲ್ಲಿ ಸ್ಮಾರ್ಟ್‌ವಾಚು ಮಾಡುವುದನ್ನೇ ನಿಲ್ಲಿಸಿದ್ದರಿಂದ ಆಯ್ಕೆಯೂ ಕಿರಿದಾಗಿದೆ.

ಯಾರಿಗೆ ಯಾವುದು? ಒಂಟಿಯಾಗಿರುವ ಹಿರಿಯರಿಗೆ, ಕೈಯಲ್ಲಿ ಐಫೋನ್ ಇದ್ದರೆ, ಆಪಲ್ ವಾಚ್ ಎಸ್‌ಇಗೆ ಕೊಡುವ ಇಪ್ಪತ್ತೈದು-ಮೂವತ್ತು ಸಾವಿರ ದಂಡವಲ್ಲ. ಬಿದ್ದದ್ದನ್ನು ಗುರುತಿಸಿ ತುರ್ತು ಕರೆ ಮಾಡುವ ಸೌಲಭ್ಯವೊಂದೇ ಅದಕ್ಕೆ ಸಾಕು. 55 ದಾಟಿದ ವಯಸ್ಸು ನಮೂದಿಸಿದರೆ ಅದು ತಾನೇ ಆನ್ ಆಗುತ್ತದೆ. ಆಂಡ್ರಾಯ್ಡ್ ಫೋನಿನವರಿಗೆ ಆಪಲ್ ವಾಚು ಕೆಲಸ ಮಾಡುವುದಿಲ್ಲ, ಈಗಿನ ಗ್ಯಾಲಕ್ಸಿ ವಾಚುಗಳು ಐಫೋನಿಗೆ ಸೇರುವುದಿಲ್ಲ. ಕಾಲೇಜು ಹುಡುಗರಿಗೆ, ಒಂದೆರಡು ವರ್ಷದ ಮಾತಾದರೆ, ಅಗ್ಗದ ಕಾಲಿಂಗ್ ವಾಚು ನಡೆಯುತ್ತದೆ. ಹೊಲ, ಕಟ್ಟಡ, ಡೆಲಿವರಿ ಎಂದು ದಿನವಿಡೀ ಬಿಸಿಲಿನಲ್ಲಿರುವವರಿಗೆ ನಮ್ಮ ಓಟು ಮೂರನೇ ಬಗೆಗೆ. 2016ರ ಡಿಸೆಂಬರಿನಲ್ಲಿ ಫಿಟ್‌ಬಿಟ್ ಕಂಪನಿಯ ಪಾಲಾಗಿ ಮುಗಿದೇ ಹೋಯಿತೆನಿಸಿದ್ದ ಪೆಬಲ್, 2025ರಲ್ಲಿ ಅದರ ಮೂಲ ಸ್ಥಾಪಕ ಎರಿಕ್ ಮಿಗಿಕೋವ್‌ಸ್ಕಿ ಕೈಯಿಂದಲೇ ಮರಳಿತು. ಪೆಬಲ್ 2 ಡ್ಯುವೋದಲ್ಲಿ ಅದೇ 144×168 ಪಿಕ್ಸೆಲ್, ಅವೇ ನಾಲ್ಕು ಬಟನ್, 30 ದಿನದ ಬ್ಯಾಟರಿ, 149 ಡಾಲರ್ ಬೆಲೆ. ಈ ಬಗೆಯ ಪರದೆ ನಾಲ್ಕು-ಐದು ಸಾವಿರ ರೂಪಾಯಿಗೆ, ಕನ್ನಡದ ಒತ್ತಕ್ಷರ ಸರಿಯಾಗಿ ಮೂಡಿಸುವ ಸಾಫ್ಟ್‌ವೇರಿನೊಂದಿಗೆ ಬಂದರೆ ನಮ್ಮಲ್ಲಿ ಕೊಳ್ಳುವವರಿಗೆ ಕೊರತೆಯಾಗದು. ಎಚ್‌ಎಂಟಿ, ಟೈಟಾನ್ ಕಟ್ಟಿದ ಊರಿನಲ್ಲಿ ಅಂಥದೊಂದನ್ನು ಮಾಡುವ ಕೈಗಳಿಗೂ ಬರವಿಲ್ಲ.